ಮೂಲೆ ಮಡಿಸಿದ ಚೀಟಿ

ಆ ಶಾಲೆಯಲ್ಲಿ ಏನೇ ಕೆಟ್ಟರೂ ಎಲ್ಲರ ಬಾಯಲ್ಲಿ ಬರುವುದು ಒಂದೇ ಮಾತು: "ರಿಪೇರಿ ಮಿಸ್ ಹತ್ರ ಕೊಡಿ." ಗೋಡೆ ಗಡಿಯಾರ ನಿಂತರೂ ಅವರೇ, ಸಿಬ್ಬಂದಿ ಕೋಣೆಯ ಚಿಲಕ ಮುನಿಸಿಕೊಂಡರೂ ಅವರೇ, ಮೈಕು ಗೊರಗೊರ ಎಂದರೂ ಅವರೇ. ಆದರೆ ಕೊಟ್ಟು ಬಂದವರಿಗೆ ಬಲು ಬೇಗ ಒಂದು ಸತ್ಯ ತಿಳಿಯುತ್ತಿತ್ತು. ರಿಪೇರಿ ಮಿಸ್ ಏನನ್ನೂ ರಿಪೇರಿ ಮಾಡಿಕೊಡುವುದಿಲ್ಲ. ಸಾಮಾನನ್ನು ತಮ್ಮ ಕೋಣೆಯ ಉದ್ದ ಮೇಜಿನ ಮೇಲಿಟ್ಟು, ಮಕ್ಕಳನ್ನು ಸುತ್ತ ನಿಲ್ಲಿಸಿ, ತಾವು ಸ್ಟೂಲಿನ ಮೇಲೆ ಕೈಕಟ್ಟಿ ಕೂತುಬಿಡುತ್ತಾರೆ. ಅದು ಮೂರು ದಿನಕ್ಕೆ ವಾಪಸು ಬರಬಹುದು, ಮೂರು ವಾರಕ್ಕೆ ಬರಬಹುದು. ಗುಮಾಸ್ತರು ತಮ್ಮ ಟಾರ್ಚು ಕೊಟ್ಟು ಒಂದು ವರ್ಷವಾಗಿತ್ತು. ಅದು ಈಗ ಟಾರ್ಚಾಗಿ ಉಳಿದಿಲ್ಲ ಎಂದು ಅವರಿಗೆ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ.

ದಾಖಲೆಯಲ್ಲಿ ಅವರು ಕರಕುಶಲ ಶಿಕ್ಷಕಿ. ಮಕ್ಕಳಿಗೆ ಗುಂಡಿ ಹೊಲಿಯುವುದು, ಕಾಗದದ ಹೂವು ಮಾಡುವುದು ಕಲಿಸತಕ್ಕದ್ದು ಎಂದು ನೇಮಕದ ಆದೇಶದಲ್ಲಿ ಬರೆದಿತ್ತು. ಹನ್ನೊಂದು ವರ್ಷ ಹೂವು ಮಾಡಿಸಿದರು. ನಲವತ್ತು ಮಕ್ಕಳು, ನಲವತ್ತು ಕೆಂಪು ಹೂವು, ಎಲ್ಲಕ್ಕೂ ಐದೈದೇ ಎಸಳು. ಒಂದು ದಿನ ಒಂದು ಮಗು ಆರನೆಯ ಎಸಳು ಅಂಟಿಸಿತು. ಮಿಸ್ ಹತ್ತಿರ ಬರುತ್ತಿರುವುದನ್ನು ಕಂಡು ಹೆದರಿ, ಆ ಎಸಳನ್ನು ಕಿತ್ತು, ಬಾಯಿಗೆ ಹಾಕಿಕೊಂಡು, ನುಂಗಿಬಿಟ್ಟಿತು. "ಅವತ್ತು ನನಗೆ ನನ್ಮೇಲೇ ಹೇಸಿಗೆ ಬಂತು," ಎಂದು ಮಿಸ್ ಈ ಕತೆ ಹೇಳುವಾಗಲೆಲ್ಲ ಸೇರಿಸುತ್ತಿದ್ದರು. "ನನ್ನನ್ನ ನೋಡಿ ಒಂದು ಮಗು ಬಣ್ಣದ ಕಾಗದ ತಿಂತು ಅಂದ್ರೆ, ನಾನು ಕಲಿಸ್ತಾ ಇರೋದಾದ್ರೂ ಏನು?"

ಮಾರನೆಯ ದಿನ ಅವರು ಮನೆಯಿಂದ ಅಪ್ಪನ ಮರದ ಪೆಟ್ಟಿಗೆ ತಂದರು. ಅಪ್ಪ ಗಡಿಯಾರ ರಿಪೇರಿಯವರು. ಅವರ ಅಂಗಡಿ ಎಂದರೆ ಎರಡು ದೊಡ್ಡ ಅಂಗಡಿಗಳ ನಡುವೆ ಉಳಿದಿದ್ದ ಸಂದು, ಅಷ್ಟೆ. ಮಗಳು ಶಾಲೆ ಬಿಟ್ಟ ಮೇಲೆ ಅಲ್ಲೇ ಬಂದು ಮೊಣಕಾಲು ಮಡಿಸಿ ಕೂರುತ್ತಿದ್ದಳು. "ಅಪ್ಪಾ, ಇದಕ್ಕೇನಾಗಿದೆ?" ಎಂದು ಕೇಳಿದರೆ ಅವರು ಸುತರಾಂ ಹೇಳುತ್ತಿರಲಿಲ್ಲ. "ಮುಚ್ಚಳ ತೆಗೆಯೋಕೆ ಮುಂಚೆ ನೀನು ಹೇಳು. ಆಮೇಲೆ ತೆಗೆದು ನೋಡೋಣ. ನೀನು ಹೇಳಿದ್ದು ಸುಳ್ಳಾದ್ರೆ ಇವತ್ತು ನಿನಗೆ ಲಾಭ," ಎನ್ನುತ್ತಿದ್ದರು. ಅಪ್ಪ ಹೋಗಿ ಎಷ್ಟೋ ವರ್ಷವಾಗಿತ್ತು. ಪೆಟ್ಟಿಗೆಯಲ್ಲಿದ್ದ ಚಿಕ್ಕ ಚಿಮುಟ, ಸ್ಕ್ರೂಡ್ರೈವರು, ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ ಎಲ್ಲವೂ ಕೆಲಸಕ್ಕೆ ಕಾದು ಕೂತಂತಿದ್ದವು.

ಮೆಟ್ಟಿಲ ಕೆಳಗಿನ, ಮುರಿದ ಬೆಂಚು ತುಂಬಿದ್ದ ಕೋಣೆಯನ್ನು ಅವರು ಕಾಡಿ ಬೇಡಿ ಪಡೆದರು. ಮನೆಯಲ್ಲಿ ಕೆಟ್ಟಿರುವುದನ್ನು ತನ್ನಿ ಎಂದು ಮಕ್ಕಳಿಗೆ ಹೇಳಿದ್ದೇ ತಡ, ಇಸ್ತ್ರಿಪೆಟ್ಟಿಗೆ, ರೇಡಿಯೊ, ಸೈಕಲ್ಲಿನ ಗಂಟೆ, ಅಜ್ಜನ ಕಿವಿ ಯಂತ್ರ ಎಲ್ಲ ಬಂದು ಬಿದ್ದವು. ಕರೆಂಟಿಗೆ ಸಿಕ್ಕಿಸುವುದು ಮಾತ್ರ ಮಿಸ್ ಕೈಯಿಂದಲೇ. ಉಳಿದಂತೆ ನಿಯಮ ಒಂದೇ ಒಂದು. ಮುಚ್ಚಳ ತೆಗೆಯುವ ಮೊದಲು ಒಂದು ಚೀಟಿಯಲ್ಲಿ "ಅಂದುಕೊಂಡದ್ದು" ಎಂದು ಬರೆಯಬೇಕು. ತೆಗೆದ ಮೇಲೆ ಅದರ ಕೆಳಗೆ "ಆದದ್ದು" ಎಂದು ಬರೆಯಬೇಕು. ಹಳೆಯ ಉತ್ತರಪತ್ರಿಕೆಗಳನ್ನು ಕತ್ತರಿಸಿ ಮಾಡಿದ ಚೀಟಿಗಳು. ಒಂದು ಬದಿಯಲ್ಲಿ ಯಾರದೋ ಇಪ್ಪತ್ತಕ್ಕೆ ಏಳು ಕೆಂಪು ಶಾಯಿಯಲ್ಲಿ ಇರುತ್ತಿತ್ತು, ಇನ್ನೊಂದು ಬದಿಯಲ್ಲಿ ಮಗುವಿನ ಯೋಚನೆ. ಹೆಸರು ಬರೆಯುವಂತಿಲ್ಲ, ಪ್ರತಿಯೊಬ್ಬರಿಗೂ ಒಂದೊಂದು ಗುರುತಿನ ಚಿತ್ರ. ಚಮಚ, ಕಣ್ಣು, ಕೊಡೆ, ಏಣಿ. ಚೀಟಿಯೆಲ್ಲ ಒಂದು ದೊಡ್ಡ ಬಿಸ್ಕತ್ತಿನ ಡಬ್ಬಿಗೆ ಹೋಗುತ್ತಿತ್ತು. ಅದರ ಹೆಸರು ತಪ್ಪಿನ ಡಬ್ಬಿ.

ಶನಿವಾರದ ಕೊನೆಯ ತರಗತಿಯಲ್ಲಿ ಡಬ್ಬಿ ತೆರೆದು ಒಂದೊಂದೇ ಚೀಟಿ ಓದುವುದು. ನಗು, ಜಗಳ, ವಾದ. ವಾರದ ಅತಿ ಚೆಂದದ ತಪ್ಪನ್ನು ಗೋಡೆಯ ಮೇಲೆ ಬರೆಯುವುದು. "ಗಡಿಯಾರಕ್ಕೆ ಹಿಂದಕ್ಕೆ ನಡೆಯೋದು ಗೊತ್ತಿದೆ, ನಾವು ಬಿಡ್ತಿಲ್ಲ ಅಷ್ಟೆ" ಎಂಬುದು ಒಂದು ವರ್ಷ ಪೂರ್ತಿ ಗೋಡೆಯ ಮೇಲೆ ಇತ್ತು. ಆದರೆ ಎಲ್ಲ ಚೀಟಿಯನ್ನೂ ಓದುತ್ತಿರಲಿಲ್ಲ. ಯಾರಾದರೂ ಚೀಟಿಯ ಮೂಲೆಯೊಂದನ್ನು ಒಳಕ್ಕೆ ಮಡಿಸಿದ್ದರೆ ಅದು ಮಿಸ್‌ಗೆ ಮಾತ್ರ. ಅದನ್ನು ಬೇರೆ ಯಾರೂ ಮುಟ್ಟುವಂತಿಲ್ಲ, ಮಿಸ್ ಕೂಡ ಆ ಬಗ್ಗೆ ತಾವಾಗಿ ಬಾಯಿ ಬಿಡುವಂತಿಲ್ಲ. ಈ ನಿಯಮ ಮಾಡಿದವರು ಮಿಸ್ ಅಲ್ಲ, ಮೊದಲ ವರ್ಷದ ಮಕ್ಕಳು. ಹನ್ನೊಂದು ವರ್ಷ ಅದು ಚಾಚೂ ತಪ್ಪದೆ ನಡೆದು ಬಂದಿತ್ತು.

ಈಗ ಬಸವನಹುಳುವಿನ ವಿಷಯ. ಎಂಟನೆಯ ತರಗತಿಯ ಆ ಹುಡುಗಿ ತನಗೆ ಆರಿಸಿಕೊಂಡ ಗುರುತು ಬಸವನಹುಳು, ಯಾಕೆಂದರೆ ಅವಳು ಎಲ್ಲದರಲ್ಲೂ ನಿಧಾನ. ಬೇರೆಯವರು ರೇಡಿಯೊ ಬಿಚ್ಚಿ, ಜೋಡಿಸಿ, ಕೈ ತೊಳೆದು ಬರುವಷ್ಟರಲ್ಲಿ ಅವಳು ಇನ್ನೂ ಮುಚ್ಚಳದ ಮೇಲೆ ಕೈಯಿಟ್ಟು ಯೋಚಿಸುತ್ತಿರುತ್ತಿದ್ದಳು. ಡಬ್ಬಿಯಲ್ಲಿ ಅವಳಷ್ಟು ಚೀಟಿ ಯಾರದೂ ಇರಲಿಲ್ಲ. ಒಂದು ಸಾಮಾನಿಗೆ ಒಂದು ಚೀಟಿ ಸಾಲದೆ ಆರು, ಏಳು ಬರೆಯುತ್ತಿದ್ದಳು, ಏಳೂ ತಪ್ಪಾಗಿರುತ್ತಿದ್ದವು, ಏಳೂ ಬೇರೆ ಬೇರೆ. ಮಿಸ್‌ಗೆ ಅವಳೆಂದರೆ ಜೀವ. ಹಾಗೆಂದು ತೋರಿಸಿಕೊಳ್ಳುವವರಲ್ಲ. "ಏನಮ್ಮಾ, ಹೊಲಿಗೆ ಮಿಷನ್ ಜೊತೆ ಮಾತುಕತೆ ಮುಗೀತಾ, ಇನ್ನೂ ಇದೆಯಾ?" ಎಂದು ಛೇಡಿಸುತ್ತಿದ್ದರು. ಅವಳು ತಲೆಯೆತ್ತದೆ "ಇನ್ನೂ ಇದೆ ಮಿಸ್" ಎನ್ನುತ್ತಿದ್ದಳು.

ಒಂದು ದಿನ ಅವಳು ಮನೆಯಿಂದ ಟೇಬಲ್ ಫ್ಯಾನು ತಂದಳು. ತುಂಬ ನಿಧಾನಕ್ಕೆ ತಿರುಗುತ್ತದೆ ಎಂಬುದು ದೂರು. ಎರಡು ದಿನ ಬಿಟ್ಟು ಡಬ್ಬಿಯಲ್ಲಿ ಮೂಲೆ ಮಡಿಸಿದ ಒಂದು ಚೀಟಿ ಸಿಕ್ಕಿತು, ಬಸವನಹುಳುವಿನ ಗುರುತಿನದು. ಮಿಸ್ ಒಬ್ಬರೇ ಕೂತು ಓದಿದರು.

"ಅಂದುಕೊಂಡದ್ದು: ಮೋಟಾರಿಗೆ ವಯಸ್ಸಾಗಿದೆ. ಆದದ್ದು: ಮೋಟಾರು ಚೆನ್ನಾಗಿದೆ. ರೆಕ್ಕೆಯ ಹಿಂದಿನ ಕಂಬಿಗೆ ಕೂದಲು ಸುತ್ತಿತ್ತು. ಉದ್ದದ್ದು. ಬಿಡಿಸಿದೆ, ಜೋರಾಗಿ ತಿರುಗಿತು. ಆಮೇಲೆ ಮತ್ತೆ ಸುತ್ತಿಟ್ಟೆ. ಅಮ್ಮ ಹೋದ ಮೇಲೆ ನಮ್ಮನೆಯಲ್ಲಿ ಅಷ್ಟುದ್ದ ಕೂದಲು ಯಾರಿಗೂ ಇಲ್ಲ. ತಪ್ಪು ಅಂತ ಗೊತ್ತು."

ಅಮ್ಮ ಅಜ್ಜಿಯ ಆರೈಕೆಗೆ ಹೋಗಿದ್ದಾರೆ, ಮುಂದಿನ ತಿಂಗಳು ಬರುತ್ತಾರೆ ಎಂದು ಆ ಹುಡುಗಿ ತರಗತಿಯಲ್ಲಿ ಎಂಟು ತಿಂಗಳಿಂದ ಹೇಳುತ್ತಿದ್ದಳು. ಮಿಸ್ ಕಣ್ಣೊರೆಸಿಕೊಂಡರು. ಮಾರನೆಯ ದಿನ ಫ್ಯಾನನ್ನು ಅವಳ ಕೈಗೆ ಕೊಡುತ್ತ, "ನಿಧಾನಕ್ಕೆ ತಿರುಗಿದ್ರೂ ಗಾಳಿ ಬರುತ್ತೆ ಬಿಡು," ಎಂದರು. ಅವಳು ಫ್ಯಾನನ್ನು ತಬ್ಬಿಕೊಂಡು ಬಸ್ಸು ಹತ್ತಿದಳು.

ಆ ವರ್ಷವೇ ಮೇಲಿನ ಕಚೇರಿಗೆ ಭವಿಷ್ಯದ ಚಿಂತೆ ಹತ್ತಿಕೊಂಡಿತು. ಮುಂದಿನ ಕಾಲಕ್ಕೆ ಮಕ್ಕಳನ್ನು ಸಿದ್ಧಮಾಡಬೇಕು, ಉರು ಹೊಡೆಯುವುದು ಸಾಕು, ಎಲ್ಲರೂ ಹೊಸದಾಗಿ ಯೋಚಿಸಬೇಕು ಎಂದು ಸುತ್ತೋಲೆ ಬಂತು. ಸುತ್ತೋಲೆಯನ್ನು ಎಲ್ಲ ಶಿಕ್ಷಕರೂ ಅಕ್ಷರ ಬಿಡದೆ ನಕಲು ಮಾಡಿಕೊಳ್ಳಬೇಕೆಂದು ಅದರಲ್ಲೇ ಬರೆದಿತ್ತು. ಒಬ್ಬ ಅಧಿಕಾರಿ ಬಂದು ಭಾಷಣ ಮಾಡಿದರು. ಅರ್ಧ ಗಂಟೆಯಲ್ಲಿ "ಸೃಜನಶೀಲತೆ" ಎಂದು ನಲವತ್ತೊಂದು ಸಲ ಹೇಳಿದರು. ಎಣಿಸಿದವಳು ಬಸವನಹುಳು. ಹೋಗುವಾಗ ಅವರು ಮೆಟ್ಟಿಲ ಕೆಳಗಿನ ಕೋಣೆಗೆ ತಲೆ ಹಾಕಿ, ಗೋಡೆಯ ಮೇಲಿನ ತಪ್ಪುಗಳನ್ನು ಓದಿ ಮೂಗು ಮುರಿದು, "ಇದೇನು ಗುಜರಿ ಅಂಗಡಿ?" ಎಂದು ಕೇಳಿದರು.

ಕೋಣೆಯ ಜೀವ ಹೋಗುವುದರಲ್ಲಿತ್ತು. ಉಳಿಸಿದವರು ದೊಡ್ಡ ಮೇಡಂ.

ದೊಡ್ಡ ಮೇಡಂ ಎಂದರೆ ಮುಖ್ಯೋಪಾಧ್ಯಾಯಿನಿ. ಅವರೂ ರಿಪೇರಿ ಮಿಸ್ಸೂ ಇಪ್ಪತ್ತೆರಡು ವರ್ಷದ ಹಿಂದೆ ಒಂದೇ ದಿನ, ಒಂದೇ ಬೆಂಚಿನ ಮೇಲೆ ಕೂತು ಹಾಜರಿ ಪುಸ್ತಕಕ್ಕೆ ಮೊದಲ ಸಹಿ ಹಾಕಿದವರು. ಅಂದಿನಿಂದ ಊಟದ ಡಬ್ಬಿ ಹಂಚಿಕೊಂಡು ತಿಂದವರು. ಒಬ್ಬರ ಹೆರಿಗೆಗೆ ಇನ್ನೊಬ್ಬರು ಆಸ್ಪತ್ರೆಯಲ್ಲಿ ಕಾದವರು. ಆರು ವರ್ಷದ ಹಿಂದೆ ಗೆಳತಿಗೆ ಬಡ್ತಿ ಸಿಕ್ಕಿದಾಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರು ರಿಪೇರಿ ಮಿಸ್. ನಾಲ್ಕು ಜನರ ಮುಂದೆ "ಮೇಡಂ", ಇಬ್ಬರೇ ಇದ್ದಾಗ "ಏನೇ".

"ನೋಡೇ, ಅವರಿಗೆ ಮಾತು ಬೇಡ, ಪುರಾವೆ ಬೇಕು," ಎಂದರು ದೊಡ್ಡ ಮೇಡಂ, ತಮ್ಮ ಕೋಣೆಯ ಬಾಗಿಲು ಹಾಕಿಕೊಂಡು. "ನಿನ್ನ ಡಬ್ಬಿಗಳನ್ನ ಕೊಡು. ನಾನೇ ಒಂದು ವರದಿ ಬರೀತೀನಿ. ಮಕ್ಕಳು ಹೇಗೆ ಯೋಚ್ನೆ ಮಾಡ್ತಾರೆ ಅಂತ ಅವರಿಗೂ ಗೊತ್ತಾಗ್ಲಿ."

"ಮೂಲೆ ಮಡಿಸಿರೋದನ್ನ ತೆಗೆದಿಟ್ಟು ಉಳಿದಿದ್ದು ಕೊಡ್ತೀನಿ."

"ಅದ್ರಲ್ಲೇ ಅಲ್ವೇನೇ ಇರೋದೆಲ್ಲ! ಹೆಸರಂತೂ ಇಲ್ಲ. ಕೊಡೆ, ಚಮಚ ಅಂತ ಬರೆದಿದ್ರೆ ಯಾರಿಗೇನು ಗೊತ್ತಾಗುತ್ತೆ? ನಾನೇನು ಹೊರಗಿನವಳಾ?"

ಮಿಸ್ ಹೋಗಿ ಡಬ್ಬಿಗಳನ್ನು ತಂದರು. ಮೂಲೆ ಮಡಿಸಿದ್ದನ್ನೂ ತೆಗೆದಿಡದೆ ಕೊಟ್ಟರು.

ಕೊಟ್ಟದ್ದಷ್ಟೇ ಆಗಿದ್ದರೆ ಕತೆ ಬೇರೆ. ಮೂರು ಮಧ್ಯಾಹ್ನ ಇಬ್ಬರೂ ಎದುರುಬದುರು ಕೂತು, ಚಹಾ ಕುಡಿಯುತ್ತ, ಆ ವರ್ಷದ ಡಬ್ಬಿಯ ಚೀಟಿಗಳನ್ನು ಒಂದೊಂದೇ ಓದಿದರು. ಇಪ್ಪತ್ತೆರಡು ವರ್ಷದಲ್ಲಿ ಮಿಸ್ಸನ್ನು ಯಾರೂ "ನಿನ್ನ ಕೆಲಸ ಹೇಗೆ ಮಾಡ್ತೀಯ" ಎಂದು ಕೇಳಿರಲಿಲ್ಲ. ಈಗ ಕೇಳುವವರು ಸಿಕ್ಕಿದರು, ಅದೂ ಗೆಳತಿ. ಅವರು ಉಬ್ಬಿಹೋದರು. ದೊಡ್ಡ ಮೇಡಂ ಒಂದು ಚೀಟಿ ಓದಿ ಬಿದ್ದು ಬಿದ್ದು ನಕ್ಕು, "ಅಯ್ಯೋ, ಇದು ಯಾರೇ?" ಎನ್ನುವರು. ಮಿಸ್ ಹೆಮ್ಮೆಯಿಂದ ಹೆಸರು ಹೇಳುವರು. ಅಮ್ಮಂದಿರು ತಮ್ಮ ಮಕ್ಕಳ ತುಂಟಾಟವನ್ನು ನೆಂಟರಿಗೆ ಹೇಳುತ್ತಾರಲ್ಲ, ಹಾಗೆ. ಕೊಡೆ ಯಾರು, ಏಣಿ ಯಾರು, ಕಣ್ಣು ಯಾರು ಎಲ್ಲ ಹೇಳಿದರು. ಫ್ಯಾನಿನ ಚೀಟಿ ಬಂದಾಗ ಇಬ್ಬರೂ ಅತ್ತರು. "ಯಾರೇ ಈ ಕೂಸು?" ಎಂದು ದೊಡ್ಡ ಮೇಡಂ ಮೂಗು ಒರೆಸಿಕೊಳ್ಳುತ್ತ ಕೇಳಿದರು. ಮಿಸ್ ಅದನ್ನೂ ಹೇಳಿದರು.

ದೊಡ್ಡ ಮೇಡಂ ಕೈಯಲ್ಲಿ ಒಂದು ಪೆನ್ಸಿಲ್ ಇತ್ತು. ಪ್ರತಿ ಚೀಟಿಯ ಅಂಚಿಗೆ ಅದನ್ನು ಮೆಲ್ಲಗೆ ಆಡಿಸುತ್ತಿದ್ದರು. ಮಿಸ್ ಅದನ್ನು ನೋಡಿದ್ದರು. ಲೆಕ್ಕಕ್ಕೆ ಏನೋ ಗೀಟು ಹಾಕಿಕೊಳ್ಳುತ್ತಿದ್ದಾಳೆ ಎಂದುಕೊಂಡರು. ಮುಚ್ಚಳ ತೆಗೆಯುವ ಮೊದಲು ಅಂದುಕೊಂಡದ್ದು ಅಷ್ಟು.

ಎರಡು ತಿಂಗಳಲ್ಲಿ ಕೋಣೆ ಮೆಟ್ಟಿಲ ಕೆಳಗಿಂದ ಮೊದಲ ಮಹಡಿಗೆ ಏರಿತು. ಗಾಜಿನ ಬಾಗಿಲು, ಬಿಳಿ ಮೇಜು, ಗಾಲಿ ಕುರ್ಚಿ. ಬಾಗಿಲ ಮೇಲೆ "ಭವಿಷ್ಯ ಕಲಿಕಾ ಕೇಂದ್ರ" ಎಂದು ಫಲಕ. ಗೋಡೆಯ ಮೇಲೆ ಬರೆಯುವಂತಿಲ್ಲ, ಹೊಸ ಬಣ್ಣ. ಮಿಸ್‌ಗೆ ಅದಕ್ಕೂ ಬೇಸರವಾಗಲಿಲ್ಲ. ಅಪ್ಪನ ಪೆಟ್ಟಿಗೆಯನ್ನು ಬಿಳಿ ಮೇಜಿನ ಮೇಲಿಟ್ಟು, ಅದರ ಕೆಳಗೆ ಗೀರು ಬೀಳದಂತೆ ಬಟ್ಟೆ ಹಾಸಿದರು.

ಉದ್ಘಾಟನೆಯ ದಿನ ಎಲ್ಲರ ಕೈಗೂ ಒಂದು ಪುಸ್ತಿಕೆ ಬಂತು, ಮಕ್ಕಳ ಕೈಗೂ. "ತಪ್ಪಿನಿಂದ ಒಪ್ಪಿನೆಡೆಗೆ: ಒಂದು ಮಾದರಿ." ಕೆಳಗೆ ದೊಡ್ಡ ಮೇಡಂ ಹೆಸರು. ರಿಪೇರಿ ಮಿಸ್ ಹೆಸರು ಎಲ್ಲೂ ಇರಲಿಲ್ಲ, "ಕರಕುಶಲ ವಿಭಾಗದ ಸಹಕಾರ" ಎಂದು ಕೊನೆಯಲ್ಲಿ ಒಂದು ಸಾಲು ಇತ್ತು. ಹೋಗಲಿ ಬಿಡು, ಯಾರ ಹೆಸರಿದ್ದರೇನು ಎಂದುಕೊಂಡೇ ಅವರು ಪುಟ ತಿರುವಿದರು. ಹದಿನೇಳನೆಯ ಪುಟದಲ್ಲಿ ಕೈ ನಿಂತಿತು.

ಅಲ್ಲಿ ಆ ಚೀಟಿಯ ಫೋಟೊ ಇತ್ತು. ಮಡಿಸಿದ್ದ ಮೂಲೆಯನ್ನು ಬಿಡಿಸಿ, ಸುಕ್ಕು ಹೋಗುವಂತೆ ಒತ್ತಿ ತೆಗೆದ ಫೋಟೊ. ಬಸವನಹುಳು ಇತ್ತು, ಫ್ಯಾನಿತ್ತು, ಅಮ್ಮನ ಕೂದಲಿತ್ತು. ಅಂಚಿನಲ್ಲಿ, ತೆಳ್ಳಗೆ ಆದರೂ ಸ್ಪಷ್ಟವಾಗಿ, ಪೆನ್ಸಿಲಿನಲ್ಲಿ ಬರೆದ ಹುಡುಗಿಯ ಹೆಸರಿತ್ತು. ಕೆಳಗೆ ಅಚ್ಚಾಗಿತ್ತು: "ಭಾವನೆಯು ಸಮಸ್ಯೆ ಪರಿಹಾರಕ್ಕೆ ಅಡ್ಡಿಯಾಗುವುದಕ್ಕೆ ಉದಾಹರಣೆ. ವಿದ್ಯಾರ್ಥಿನಿಯು ಸರಿಯಾದ ಪರಿಹಾರ ಕಂಡುಕೊಂಡೂ ಕೈಬಿಟ್ಟಿದ್ದಾಳೆ. ಹತ್ತಕ್ಕೆ ಎರಡು."

ಮಿಸ್ ತಲೆಯೆತ್ತಿದರು. ಮಕ್ಕಳ ಸಾಲಿನಲ್ಲಿ ಪುಟಗಳು ತಿರುಗುತ್ತಿದ್ದವು. ಒಂದು ಕಡೆ ಕಿಸಕ್ಕೆಂದರು, ಇನ್ನೊಂದು ಕಡೆ ಪಿಸುಗುಟ್ಟಿದರು. ಬಸವನಹುಳು ಮೂರನೆಯ ಸಾಲಿನಲ್ಲಿದ್ದಳು. ಅವಳು ಆ ಪುಟವನ್ನು ನಿಧಾನವಾಗಿ, ತನ್ನ ಎಂದಿನ ನಿಧಾನದಲ್ಲಿ, ಕೊನೆಯ ತನಕ ಓದಿದಳು. ಆಮೇಲೆ ದೊಡ್ಡ ಮೇಡಂ ಕಡೆ ನೋಡಲಿಲ್ಲ. ನೇರ ರಿಪೇರಿ ಮಿಸ್ ಮುಖವನ್ನೇ ನೋಡಿದಳು. ಸಿಟ್ಟಿಲ್ಲ, ಅಳುವಿಲ್ಲ. ಗೊತ್ತಿಲ್ಲದ ಯಾರನ್ನೋ ನೋಡುವ ಹಾಗೆ ನೋಡಿದಳು. ಮಿಸ್‌ಗೆ ಎದ್ದು ಹೋಗಿ ಏನಾದರೂ ಹೇಳಬೇಕೆನ್ನಿಸಿತು, ಆದರೆ ಪುಸ್ತಿಕೆಯನ್ನು ಮಗುಚಿ ಮಡಿಲಲ್ಲಿಟ್ಟು ಕೂತೇ ಇದ್ದರು.

ಮಾರನೆಯ ದಿನ ಸೂಚನಾ ಫಲಕದಲ್ಲಿ ಪಟ್ಟಿ ಬಂತು. ಕೇಂದ್ರದಲ್ಲಿ ಮೂವತ್ತೇ ಕುರ್ಚಿ. ಚೀಟಿಗಳನ್ನು ಎಣಿಸಿ, ಯಾರ ತಪ್ಪು ಎಷ್ಟು ಎಂದು ಹೆಸರಿನ ಮುಂದೆ ಬರೆದಿದ್ದರು. ತಪ್ಪು ಕಡಿಮೆ ಇದ್ದವರು ಮೇಲೆ. ನೂರ ಹದಿನಾಲ್ಕು ತಪ್ಪಿನ ಬಸವನಹುಳು ಎಲ್ಲಕ್ಕಿಂತ ಕೆಳಗೆ. ಉಳಿದವರಿಗೆ ತಿಂಗಳ ಕೊನೆಯಲ್ಲಿ ಮರುಪರೀಕ್ಷೆ, ಕೆಟ್ಟ ಸಾಮಾನೊಂದನ್ನು ಸರಿಮಾಡಿ ತಂದು ತೋರಿಸುವುದು. ಅಂಕ ಕೊಡುವವರು ಕರಕುಶಲ ಶಿಕ್ಷಕಿ.

ಮಿಸ್ ಬಾಗಿಲು ತಟ್ಟದೆ ದೊಡ್ಡ ಮೇಡಂ ಕೋಣೆಗೆ ನುಗ್ಗಿದರು. ಒಳಗೆ ಬೇರೆ ಯಾರೂ ಇರಲಿಲ್ಲ.

"ಏನೇ ಇದು? ಆ ಮಗುವಿನ ಹೊಟ್ಟೆಯೊಳಗಿನ ಮಾತನ್ನ ಊರಿಗೆಲ್ಲ ಹಂಚಿದ್ಯಲ್ಲೇ!"

"ಕೂಗ್ಬೇಡ. ಕೂತ್ಕೋ. ಪೆನ್ಸಿಲ್ ಗುರುತು ಫೋಟೋದಲ್ಲಿ ಬರುತ್ತೆ ಅಂತ ನಂಗೇನು ಗೊತ್ತಿತ್ತು? ಅಚ್ಚು ಹಾಕೋರ ತಪ್ಪು ಅದು."

"ಪಟ್ಟೀನೂ ಅವರೇ ಮಾಡಿದ್ರಾ? ತಪ್ಪು ಎಣಿಸಿ ಕೆಳಗೆ ಹಾಕೋದನ್ನೂ?"

"ಮೂವತ್ತೇ ಕುರ್ಚಿ ಕೊಟ್ರು. ಹೇಗೆ ಆರಿಸ್ಲಿ? ಏನಾದ್ರೂ ಒಂದು ಅಳತೆ ಬೇಕಲ್ಲ. ಅದಿಲ್ದೆ ಹೋಗಿದ್ರೆ ನಿನ್ನ ಕೋಣೆಗೆ ಬೀಗ ಬೀಳ್ತಿತ್ತು. ಉಳಿಸಿದ್ದು ಯಾರು?"

"ಕೋಣೆ ತಗೊಂಡು ನಾನೇನು ಮಾಡ್ಲಿ? ಹನ್ನೊಂದು ವರ್ಷ ತಪ್ಪು ಮಾಡಿ, ತಪ್ಪು ಮಾಡಿ ಅಂತ ಬಾಯಿ ಬಡ್ಕೊಂಡೆ. ನನ್ನ ಮಾತು ಕೇಳಿದವರಿಗೇ ಶಿಕ್ಷೆ ಆಯ್ತಲ್ಲೇ. ನಂಬಿಸಿ ಕತ್ತು ಕೊಯ್ದೆ ನೀನು."

ದೊಡ್ಡ ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರ ಕಣ್ಣೂ ಕೆಂಪಾಗಿತ್ತು, ಆದರೆ ಮಾತು ನೆಟ್ಟಗಿತ್ತು.

"ನಾನು ಕೇಳ್ದೆ, ನಿಜ. ಆದ್ರೆ ಹೆಸರು ಹೇಳಿದ್ದು ಯಾರು? ಒಂದಲ್ಲ, ಎರಡಲ್ಲ, ಮೂರು ಮಧ್ಯಾಹ್ನ ಕೂತು ಒಂದೊಂದೇ ಹೇಳ್ದೆ. ನಿನಗೆ ಹೇಳೋ ಆಸೆ ಇತ್ತು ಕಣೇ. ನಾನು ಬಲವಂತ ಮಾಡ್ಲಿಲ್ಲ."

ಮಿಸ್ ಬಾಗಿಲ ಕಡೆ ತಿರುಗಿದರು. ಡಬ್ಬಿಗಳನ್ನಾದರೂ ವಾಪಸು ಕೊಡು ಎಂದು ಕೊನೆಗೆ ಕೇಳಿದರು. ಅವು ಮೇಲಿನ ಕಚೇರಿಗೆ ಹೋಗಿವೆ, ಕಡತಕ್ಕೆ ಸೇರಿವೆ ಎಂದರು ದೊಡ್ಡ ಮೇಡಂ. ಅಂದು ಊಟದ ಡಬ್ಬಿಯನ್ನು ಮಿಸ್ ಒಬ್ಬರೇ ಬಿಚ್ಚಿದರು, ಮುಟ್ಟದೆ ಮುಚ್ಚಿದರು.

ಮಿಸ್ ಅವರ ಗಂಡ ಅಂಚೆಯವರು. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಮನೆ ಮನೆಗೆ ಕಾಗದ ಹಂಚಿ ಒಂದು ಭುಜ ಇನ್ನೊಂದಕ್ಕಿಂತ ತಗ್ಗಿತ್ತು. ಸಂಜೆ ಹೆಂಡತಿ ಎಲ್ಲ ಹೇಳಿಕೊಂಡಾಗ ಅವರು ದೊಡ್ಡ ಮೇಡಂ ಅವರನ್ನು ನಾಲ್ಕು ಮಾತು ಬೈದರು. "ಇಪ್ಪತ್ತೆರಡು ವರ್ಷ ಜೊತೇಲಿ ಉಂಡು ಹೀಗೆ ಕೈ ಕೊಟ್ಲಾ!" ಎಂದರು. ಆಮೇಲೆ ಚಪ್ಪಲಿಯ ಉಂಗುಟವನ್ನು ತಿರುಗಿಸಿ ತಿರುಗಿಸಿ ನೋಡತೊಡಗಿದರು.

"ಏನ್ರೀ, ಮನಸ್ಸಲ್ಲಿರೋದನ್ನ ಹೇಳಿಬಿಡಿ."

"ಏನಿಲ್ಲ ಕಣೇ. ಮೂವತ್ತಾರು ವರ್ಷ ಹೊತ್ತಿದ್ದೀನಿ. ಒಳಗೇನಿದೆ ಅಂತ ತಿಳ್ಕೊಳ್ಳೋ ಆಸೆ ನಂಗೂ ಆಗಿದೆ, ಇಲ್ಲ ಅನ್ನಲ್ಲ. ಆದ್ರೆ ಅಂಟಿಸಿರೋದನ್ನ ಯಾರ ಮನೆಯದೋ ಅವರಿಗೇ ಕೊಟ್ಟೆ. ಪಕ್ಕದ ಮನೆಯವರು ಎಷ್ಟು ಬೇಕಾದವರಾಗಿದ್ರೂ ಅವರ ಕೈಗೆ ಕೊಡ್ಲಿಲ್ಲ." ಆಮೇಲೆ, "ನೀನು ಬೇಕೂಂತ ಮಾಡ್ಲಿಲ್ಲ, ಅದು ನಂಗೊತ್ತು," ಎಂದು ಸೇರಿಸಿದರು.

ಸೇರಿಸಿದ ಮಾತು ಮಿಸ್ ಕಿವಿಗೆ ಬೀಳಲೇ ಇಲ್ಲ. ಗೆಳತಿ ಕೈ ಕೊಟ್ಟಳು ಎಂಬ ಸಿಟ್ಟನ್ನು ಅಷ್ಟು ಹೊತ್ತು ಅವರು ಎದೆಗವಚಿಕೊಂಡಿದ್ದರು, ಅದರಲ್ಲೊಂದು ಸಮಾಧಾನವೂ ಇತ್ತು. ಈಗ ಅದೂ ಹೋಯಿತು. ಅವಳು ನನಗೆ ಮಾಡಿದ್ದನ್ನೇ ನಾನು ಆ ಮಗುವಿಗೆ ಮಾಡಿದೆ, ಅವಳಿಗಿಂತ ಮೊದಲೇ ಮಾಡಿದೆ, ಚಹಾ ಕುಡಿಯುತ್ತ, ನಗುತ್ತ ಮಾಡಿದೆ. ಆ ಯೋಚನೆ ಬಂದಮೇಲೆ ಅವರಿಗೆ ಯಾರನ್ನೂ ಬೈಯಲಾಗಲಿಲ್ಲ.

ಶನಿವಾರ ಹೊಸ ಕೋಣೆಯಲ್ಲಿ ಹೊಸ ಡಬ್ಬಿ ತೆರೆದರು. ಅಳತೆಗೆ ಕತ್ತರಿಸಿದ ಬಿಳಿ ಚೀಟಿಗಳು. ಮೊದಲನೆಯದು ಓದಿದರು: "ಅಂದುಕೊಂಡದ್ದು: ವೈರು ಕಡಿದಿದೆ. ಆದದ್ದು: ವೈರು ಕಡಿದಿತ್ತು." ಎರಡನೆಯದೂ ಹಾಗೇ. ಮೂರನೆಯದೂ ಹಾಗೇ. ಮೂವತ್ತಕ್ಕೆ ಮೂವತ್ತೂ ಸರಿಯಾಗಿದ್ದವು. ಮೊದಲು ಮುಚ್ಚಳ ತೆಗೆದು ನೋಡಿ, ಆಮೇಲೆ ಎರಡು ಸಾಲನ್ನೂ ಒಟ್ಟಿಗೆ ಬರೆದಿದ್ದರು. ಕಾಗದದ ಎಸಳು ನುಂಗಿದ ಮಗು ಒಂದೇ ಇತ್ತು, ಈಗ ಕೋಣೆ ತುಂಬ ಅದೇ ಆಗಿತ್ತು. ಯಾರೂ ನಗಲಿಲ್ಲ, ಯಾರೂ ಜಗಳವಾಡಲಿಲ್ಲ. ಗಂಟೆ ಹೊಡೆಯುವ ತನಕ ಎಲ್ಲರೂ ಗಾಲಿ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು.

ಬಸವನಹುಳುವನ್ನು ಮಾತಾಡಿಸಲು ಅವರು ಎಷ್ಟೋ ಸಲ ಹೋದರು. ಒಮ್ಮೆ ನೀರಿನ ನಲ್ಲಿಯ ಹತ್ತಿರ ಸಿಕ್ಕಳು. "ತಪ್ಪು ನಂದು ಮಗಾ," ಎಂದರು ಮಿಸ್. ಹುಡುಗಿ "ಪರವಾಗಿಲ್ಲ ಮಿಸ್" ಎಂದು ಬಾಟಲಿಯ ಮುಚ್ಚಳ ತಿರುಗಿಸಿ ಹೋದಳು. ದೊಡ್ಡವರು ಆಡುವ ಹಾಗೆ, ಅಷ್ಟು ಚೊಕ್ಕವಾಗಿ ಆಡಿದಳು.

ತಿಂಗಳ ಕೊನೆಯಲ್ಲಿ ಮರುಪರೀಕ್ಷೆ ಬಂತು. ದೊಡ್ಡ ಮೇಡಂ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ಮಿಸ್ ಮುಂದೆ ಅಂಕದ ಹಾಳೆ ಇತ್ತು. ಅಂದು ಬೆಳಿಗ್ಗೆ ರಾಜೀನಾಮೆ ಬರೆದು ಚೀಲದಲ್ಲಿ ಇಟ್ಟುಕೊಂಡೇ ಅವರು ಬಂದಿದ್ದರು. ಬಸವನಹುಳುವಿಗೆ ಒಂದು ಕುರ್ಚಿ ಕೊಡಿಸಿ, ಮೇಜಿನ ಮೇಲೆ ಅದನ್ನಿಟ್ಟು ಹೊರಟುಬಿಡುವುದು ಎಂದು ಲೆಕ್ಕ ಹಾಕಿದ್ದರು. ಏನು ತಂದರೂ, ಎಷ್ಟು ತಪ್ಪಿದ್ದರೂ ಹತ್ತು ಕೊಡುವುದು ಎಂದು ನಿರ್ಧರಿಸಿದ್ದರು.

ಕೊನೆಯಲ್ಲಿ ಬಂದ ಬಸವನಹುಳುವಿನ ಕೈಯಲ್ಲಿ ಆ ಟೇಬಲ್ ಫ್ಯಾನಿತ್ತು. ಅದನ್ನು ಬಿಳಿ ಮೇಜಿನ ಮೇಲಿಟ್ಟಳು. ಚೀಟಿಯನ್ನು ಮುಂದೆ ಇಟ್ಟಳು. ಬಸವನಹುಳುವಿನ ಚಿತ್ರವಿರಲಿಲ್ಲ, ಪೂರ್ತಿ ಹೆಸರು, ತರಗತಿ, ಕ್ರಮಸಂಖ್ಯೆ ಬರೆದಿದ್ದಳು. ನಾಲ್ಕು ಮೂಲೆಯೂ ನೆಟ್ಟಗಿದ್ದವು. "ಅಂದುಕೊಂಡದ್ದು: ಕಂಬಿಗೆ ಕಸ ಸುತ್ತಿದೆ. ಆದದ್ದು: ಕಂಬಿಗೆ ಕಸ ಸುತ್ತಿತ್ತು. ಕತ್ತರಿಸಿ ತೆಗೆದು ಹಾಕಿದೆ."

ಮಿಸ್ ಪ್ಲಗ್ ಸಿಕ್ಕಿಸಿದರು. ಹುಡುಗಿ ಗುಂಡಿ ಒತ್ತಿದಳು. ಫ್ಯಾನು ಒಂದೇ ಸಲಕ್ಕೆ ಭರ್ರೆಂದು ತಿರುಗಿತು. ಅಂಕದ ಹಾಳೆ ಹಾರಿತು, ದೊಡ್ಡ ಮೇಡಂ ಅದನ್ನು ಹಿಡಿದು, "ಭೇಷ್! ನೋಡಿದ್ರಾ, ಎಷ್ಟು ಸುಧಾರಿಸಿದ್ದಾಳೆ," ಎಂದು ಮೇಜಿನ ಮೇಲೆ ಒತ್ತಿ ಇಟ್ಟರು.

ಮಿಸ್‌ಗೆ ಫ್ಯಾನು ಕಾಣಿಸುತ್ತಿರಲಿಲ್ಲ. ಅದರ ಹಿಂದೆ ಖಾಲಿ ಕಂಬಿ ಮಿರಮಿರ ಮಿಂಚುತ್ತಿತ್ತು.

"ಕೂದಲು ಎಲ್ಲಮ್ಮಾ?" ಎಂದು ಮೆಲ್ಲಗೆ ಕೇಳಿದರು. ತಾವಾಗಿ ಬಾಯಿ ಬಿಡುವಂತಿಲ್ಲ ಎಂಬ ನಿಯಮವನ್ನು ಅವರು ಎರಡನೆಯ ಸಲ ಮುರಿದರು.

"ಬಿಸಾಡ್ದೆ ಮಿಸ್."

ಆಮೇಲೆ ಅವಳು ಕೈ ಹಿಂದೆ ಕಟ್ಟಿಕೊಂಡು, ಇಡೀ ವರ್ಷದಲ್ಲಿ ಒಮ್ಮೆಯೂ ಕೇಳದಿದ್ದ ಪ್ರಶ್ನೆ ಕೇಳಿದಳು.

"ಹತ್ತಕ್ಕೆ ಎಷ್ಟು ಮಿಸ್?"

ಮಿಸ್ ಪೆನ್ನು ತೆಗೆದು ಹತ್ತು ಎಂದು ಬರೆದರು. ಹುಡುಗಿ ಬಗ್ಗಿ ಅದನ್ನು ಸರಿಯಾಗಿ ನೋಡಿಕೊಂಡು, ಫ್ಯಾನು ಆರಿಸಿ, ವೈರು ಸುತ್ತಿಕೊಂಡು ಹೊರಟಳು.